ಸಿಡ್ನಿಯಲ್ಲಿ ಪೂಲ್ ಕಟ್ಟಿಸುವವರಿಗೆ: ಗುಂಡಿ ತೋಡುವ ಮೊದಲು ಬೇಲಿ ಅಳೆಯಿರಿ

ಸಿಡ್ನಿಯ ವಾಯವ್ಯಕ್ಕೆ, ಕೆಲಿವಿಲ್, ಕ್ಯಾಸಲ್ ಹಿಲ್, ಬೆಲ್ಲಾ ವಿಸ್ಟಾ ಕಡೆ ಮನೆ ಕೊಂಡ ನಮ್ಮವರಿಗೆ ಸಾಲದ ಕಂತು ಒಂದು ಹದಕ್ಕೆ ಬಂದಮೇಲೆ ಹಿತ್ತಲಿನ ಪೂಲ್ ಮಾತು ಶುರುವಾಗುತ್ತದೆ. ಪೂಲ್ ಕಂಪನಿಯ ಕೊಟೇಶನ್ ಕೈಗೆ ಬಂದ ದಿನವೇ "ನಾವೇ ಓನರ್ ಬಿಲ್ಡರ್ ಆಗಿ ಮಾಡಿಸಿಬಿಡೋಣ" ಅನ್ನುವ ತೀರ್ಮಾನವೂ ಆಗಿಹೋಗುತ್ತದೆ. ಊರಲ್ಲಿ ಅಪ್ಪ ಮೇಸ್ತ್ರಿ ಹಿಡಿದು ಮನೆ ಕಟ್ಟಿಸಿದ್ದನ್ನು ನೋಡಿ ಬೆಳೆದವರಿಗೆ ಇದರಲ್ಲೇನು ಕಷ್ಟ ಅನ್ನಿಸುವುದು ಸಹಜ. ಕಷ್ಟ ಇದೆ. ಅದು ಎಲ್ಲರೂ ಹೆದರುವ ಜಾಗದಲ್ಲಿಲ್ಲ, ಬೇರೆ ಕಡೆ ಇದೆ. ಈ ಪಾಠಕ್ಕೆ ನಾನೂ ದುಡ್ಡು ತೆತ್ತಿದ್ದೇನೆ, ನನ್ನ ನಂತರ ಬಂದವರು ಅದೇ ಜಾಗದಲ್ಲಿ ತೆರುವುದನ್ನು ನೋಡುತ್ತಲೂ ಇದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಹೇಳುವುದೆಲ್ಲ ನ್ಯೂ ಸೌತ್ ವೇಲ್ಸ್ ರಾಜ್ಯದ ಮಾತು. ಮೆಲ್ಬರ್ನ್, ಬ್ರಿಸ್ಬೇನಿನವರು ತಮ್ಮ ರಾಜ್ಯದ ನಿಯಮ ಬೇರೆಯಾಗಿ ನೋಡಿಕೊಳ್ಳಬೇಕು.

ಕಾಂಕ್ರೀಟೋ ಫೈಬರ್‌ಗ್ಲಾಸೋ, ಉಪ್ಪಿನ ನೀರೋ ಕ್ಲೋರಿನ್ನೋ ಎಂಬ ಚರ್ಚೆ ಬೇಡ. ಅದು ಎಲ್ಲರ ಬಾಯಲ್ಲೂ ಇದೆ. ಪರ್ಮಿಟ್ ವಿಷಯವನ್ನೂ ಬೇಗ ಮುಗಿಸುತ್ತೇನೆ. ಪೂಲ್‌ಗೆ ಕೌನ್ಸಿಲ್‌ನಿಂದ ಡಿಎ (ಅರ್ಜಿ ಹಾಕಿ ಪಡೆಯುವ ಕಟ್ಟಡದ ಒಪ್ಪಿಗೆ) ಅಥವಾ ಖಾಸಗಿ ಸರ್ಟಿಫೈಯರ್, ಅಂದರೆ ಕೆಲಸ ನಿಯಮದಂತಿದೆಯೇ ಎಂದು ಪರೀಕ್ಷಿಸುವವನ ಮೂಲಕ ಸಿಡಿಸಿ (ನಿಗದಿತ ನಿಯಮಕ್ಕೆ ಹೊಂದುವ ಕೆಲಸಕ್ಕೆ ಸಿಗುವ ಒಪ್ಪಿಗೆ) ಬೇಕೇ ಬೇಕು. ಕೂಲಿ, ಸಾಮಾನು ಸೇರಿ ಕೆಲಸದ ಬೆಲೆ 10,000 ಡಾಲರ್ ದಾಟಿದರೆ ಓನರ್ ಬಿಲ್ಡರ್ ಪರ್ಮಿಟ್ ಬೇಕು. 20,000 ದಾಟಿದರೆ ಅದಕ್ಕೆಂದೇ ಇರುವ ಕೋರ್ಸ್ ಮುಗಿಸಿರಬೇಕು, ಕಟ್ಟಡ ಕೆಲಸದ ಸುರಕ್ಷತಾ ತರಬೇತಿಯ ವೈಟ್ ಕಾರ್ಡ್ ಇರಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಆ ಕೆಲಸಕ್ಕೆ ಮಾರುಕಟ್ಟೆಯಲ್ಲಿ ಎಷ್ಟಾಗುತ್ತದೆ ಅನ್ನುವುದು. ಭಾವಮೈದ ಪುಕ್ಕಟೆ ಕೈಹಾಕುತ್ತಾನೆ ಅಂತ ಅವನ ಕೂಲಿಯನ್ನು ಕಳೆಯುವ ಹಾಗಿಲ್ಲ. ಒಂದು ಪರ್ಮಿಟ್ ತೆಗೆದುಕೊಂಡರೆ ಬೇರೆ ಜಾಗಕ್ಕೆ ಇನ್ನೊಂದು ಪಡೆಯಲು ಐದು ವರ್ಷ ಕಾಯಬೇಕು. ಮುಂದೆ ಮನೆಯನ್ನೇ ಕೆಡವಿ ಕಟ್ಟುವ ಕನಸಿದ್ದವರು ಇದನ್ನು ಪೂಲ್‌ಗೆ ಖರ್ಚು ಮಾಡುವ ಮುಂಚೆ ಯೋಚಿಸಿ.

ಓನರ್ ಬಿಲ್ಡರ್ ಅಂದರೆ ಕಾಗದದ ಮೇಲೆ ನೀವೇ ಮೇಸ್ತ್ರಿ, ನೀವೇ ಕಂಟ್ರಾಕ್ಟರ್. ಊರಿನ ಮೇಸ್ತ್ರಿ ಬಾರ್ ಬೆಂಡಿಂಗಿನವನನ್ನು, ಕಾಂಕ್ರೀಟಿನವನನ್ನು, ಪ್ಲಂಬರನ್ನು ಒಬ್ಬರಾದ ಮೇಲೆ ಒಬ್ಬರನ್ನು ತಾನೇ ಕರೆಸಿ, ಒಬ್ಬನ ತಪ್ಪನ್ನು ಇನ್ನೊಬ್ಬನಿಂದ ಸರಿಮಾಡಿಸುತ್ತಿದ್ದ. ಆ ಒಂದು ವಿಷಯದಲ್ಲಿ ನಮ್ಮ ಪದ್ಧತಿಯೇ ಮೇಲು ಅಂತ ಇವತ್ತಿಗೂ ಹೇಳುತ್ತೇನೆ. ಇಲ್ಲಿ ಪ್ರತಿಯೊಬ್ಬ ಟ್ರೇಡಿಯೂ (ಕಸುಬುದಾರನೂ) ತನ್ನ ಪಾಲಿನ ಕೆಲಸ ಅಚ್ಚುಕಟ್ಟಾಗಿ ಮುಗಿಸಿ ಹೋಗುತ್ತಾನೆ. ಅವನ ಕೆಲಸ ಮುಂದಿನವನ ಕೆಲಸಕ್ಕೆ ಹೊಂದುತ್ತದೆಯೇ ಅನ್ನುವುದು ಅವನ ಚಿಂತೆಯಲ್ಲ, ನಿಮ್ಮದು. ಸರ್ಟಿಫೈಯರ್ ನೋಡಿಕೊಳ್ಳುತ್ತಾನೆ ಅಂದುಕೊಂಡವರು ಬಹಳ ಜನ. ಅವನು ನಿಮ್ಮ ಸೂಪರ್‌ವೈಸರ್ ಅಲ್ಲ. ನಿಗದಿಯಾದ ಹಂತಗಳಲ್ಲಿ ಬಂದು, ನಿಯಮಕ್ಕೆ ಹೊಂದುತ್ತದೋ ಇಲ್ಲವೋ ಅಂತ ಹೇಳಿ ಹೋಗುವುದಷ್ಟೇ ಅವನ ಕೆಲಸ. ಹೊಂದದಿದ್ದರೆ ಯಾರ ತಪ್ಪು ಅಂತ ಅವನು ವಿಚಾರಿಸುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಪೂಲ್ ಬೇಲಿ ಅಂದರೆ ಗಾಜಿನ ಫಲಕ, ಅದರ ಎತ್ತರ 1.2 ಮೀಟರ್, ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದಿರುವುದು ಉಳಿದ ಎರಡು ಮೂರು ಬದಿಯ ಕಥೆ. ನಮ್ಮ ಹಿತ್ತಲುಗಳು ಚಿಕ್ಕವು. ಹಾಗಾಗಿ ಮನೆ ಕಡೆ ಒಂದು ಬದಿಗೆ ಗಾಜು ಹಾಕಿ, ಮಿಕ್ಕ ಬದಿಗಳಿಗೆ ಪಕ್ಕದ ಮನೆಯೊಂದಿಗಿನ ಗಡಿಬೇಲಿಯನ್ನೇ ಪೂಲ್ ಬೇಲಿಯಾಗಿ ತೋರಿಸುತ್ತೇವೆ. ನಿಯಮ ಇದಕ್ಕೆ ಒಪ್ಪುತ್ತದೆ. ಆದರೆ ಗಡಿಬೇಲಿಗೆ 1.2 ಸಾಲದು, 1.8 ಮೀಟರ್ ಬೇಕು. ಪಕ್ಕದವರು ಅತ್ತ ಕಡೆ ಕುರ್ಚಿ ಇಟ್ಟರೋ ಟ್ರ್ಯಾಂಪೊಲೀನ್ ಇಟ್ಟರೋ ನಿಮ್ಮ ಕೈಯಲ್ಲಿಲ್ಲವಲ್ಲ, ಅದಕ್ಕೆ ಈ ಹೆಚ್ಚಿನ ಎತ್ತರ. ಈ 1.8 ಮೀಟರನ್ನು ಅಳೆಯುವುದು ಪೂಲ್ ಇರುವ ಕಡೆಯಿಂದ, ಅಂದರೆ ನಿಮ್ಮ ಕಡೆಯಿಂದ, ಕೆಲಸವೆಲ್ಲ ಮುಗಿದಮೇಲಿನ ನೆಲದಿಂದ. ಪ್ಲಾನ್ ಬರೆಸಿದ ದಿನದ ನೆಲದಿಂದಲ್ಲ.

ನಮ್ಮವರ ದುಡ್ಡು ಹೋಗುವುದು ಇಲ್ಲೇ. ಹಿತ್ತಲು ಹಿಂದಕ್ಕೆ ಸ್ವಲ್ಪ ಇಳಿಜಾರಾಗಿರುತ್ತದೆ, ಆ ಕಡೆಯ ಬಡಾವಣೆಗಳಲ್ಲಿ ಇದು ಮಾಮೂಲು. ಪೂಲ್‌ನ ಅಂಚು ಸುತ್ತಲೂ ಒಂದೇ ಮಟ್ಟದಲ್ಲಿರಬೇಕು, ನೀರು ಓರೆಯಾಗಿ ನಿಲ್ಲುವುದಿಲ್ಲ. ಮನೆ ಕಡೆಯ ನೆಲಕ್ಕೆ ಅಂಚನ್ನು ಹೊಂದಿಸಿದರೆ ಹಿಂಬದಿಯ ತುದಿ ಹಳೆಯ ನೆಲಕ್ಕಿಂತ 300 ಮಿಲಿಮೀಟರ್ ಮೇಲೆ ನಿಲ್ಲುತ್ತದೆ. ತೋಡಿದ ಮಣ್ಣು ಹೇಗೂ ಬಿದ್ದಿದೆ, ಸಾಗಿಸಲು ದುಡ್ಡು ಬೇರೆ ಕೊಡಬೇಕು. ಅದನ್ನೇ ತುಂಬಿ, ಗಡಿಬೇಲಿಯವರೆಗೂ ಸಮ ಮಾಡಿ ಪೇವಿಂಗ್ ಹಾಸಿಬಿಡುತ್ತಾರೆ. ನೋಡಲು ಚೆಂದ. ಆದರೆ 1.8 ಇದ್ದ ಬೇಲಿ ಈಗ 1.5.

ಕ್ಯಾಸಲ್ ಹಿಲ್‌ನಲ್ಲಿ ಪರಿಚಯದ ಒಂದು ಮನೆಯಲ್ಲಿ ಸರ್ಟಿಫೈಯರ್ ಬಂದ ದಿನ ನಾನೂ ಇದ್ದೆ. ಗೃಹಿಣಿ ಕಾಫಿ ಕೊಟ್ಟರು, ಅವನು ಲೋಟವನ್ನು ಪಕ್ಕಕ್ಕಿಟ್ಟು, ಹೊಸ ಟ್ರಾವರ್ಟೀನ್ ಕಲ್ಲಿನ ಮೇಲೆ ಟೇಪಿನ ತುದಿ ಒತ್ತಿ ಹಿಡಿದು ಬೇಲಿಯ ನೆತ್ತಿಯವರೆಗೆ ಎಳೆದ. 1,520. ಎರಡು ಹೆಜ್ಜೆ ಸರಿದು ಮತ್ತೆ ಎಳೆದ. 1,490. ಫೋನಿನಲ್ಲಿ ಫೋಟೋ ತೆಗೆದುಕೊಂಡು "ಇದನ್ನು ಪಾಸ್ ಮಾಡಲಾಗುವುದಿಲ್ಲ" ಅಂದ. ಪೇವಿಂಗಿನವನು ತನಗೆ ಕೊಟ್ಟ ಮಟ್ಟಕ್ಕೆ ಹಾಸಿದ್ದ, ಕಾಂಕ್ರೀಟಿನವನು ಡ್ರಾಯಿಂಗಿನಲ್ಲಿದ್ದ ಹಾಗೆ ಮಾಡಿದ್ದ. ಯಾರನ್ನೂ ಬೈಯುವ ಹಾಗಿರಲಿಲ್ಲ.

ಬೇಲಿ ಎತ್ತರಿಸಿದರಾಯಿತಲ್ಲ ಅನ್ನಬಹುದು. ಅನುಮತಿಯಿಲ್ಲದೆ ಕಟ್ಟಬಹುದಾದ ಪಕ್ಕದ, ಹಿಂದಿನ ಬೇಲಿಗೆ ಸಾಮಾನ್ಯವಾಗಿ 1.8 ಮೀಟರೇ ಮಿತಿ, ಅದೂ ಮೊದಲಿದ್ದ ನೆಲದಿಂದ. ಅದಕ್ಕಿಂತ ಎತ್ತರಕ್ಕೆ ಕೌನ್ಸಿಲ್ ಒಪ್ಪಿಗೆ ಬೇಕು. ಬೇಲಿ ಇಬ್ಬರದೂ ಆದ್ದರಿಂದ ಪಕ್ಕದವರೂ ಒಪ್ಪಬೇಕು. ಗಡಿಬೇಲಿ ಕಾನೂನಿನ ಪ್ರಕಾರ ಸಾಧಾರಣ ಬೇಲಿಯ ಖರ್ಚು ಅರ್ಧರ್ಧ, ನಿಮ್ಮ ಪೂಲ್‌ಗಾಗಿ ಆಗುವ ಹೆಚ್ಚಿನ ಖರ್ಚು ಪೂರ್ತಿ ನಿಮ್ಮದು. ಜೊತೆಗೆ, ತುಂಬಿದ ಮಣ್ಣನ್ನು ಮರದ ಬೇಲಿಗೆ ಒರಗಿಸಿದ್ದರೆ ಬೇಲಿ ಕೊಳೆತು ಪಕ್ಕದವರ ಕಡೆ ವಾಲುತ್ತದೆ. ಅಲ್ಲಿ ಬೇಕಾಗಿದ್ದದ್ದು ಮಣ್ಣನ್ನು ತಡೆದು ನಿಲ್ಲಿಸುವ ರಿಟೈನಿಂಗ್ ಗೋಡೆ. ಇನ್ನುಳಿದ ದಾರಿ ಎರಡು. ಬೇಲಿಯ ಉದ್ದಕ್ಕೂ ಒಂದು ಮೀಟರಿನಷ್ಟು ಪೇವಿಂಗ್ ಕಿತ್ತು ಹಳೆಯ ನೆಲಮಟ್ಟಕ್ಕೆ ಇಳಿಸುವುದು, ಇಲ್ಲವೇ ಗಡಿಯಿಂದ ಒಳಗೆ ಸರಿದು ಇನ್ನೊಂದು 1.2 ಮೀಟರ್ ಬೇಲಿ ಹಾಕಿ, ಮಧ್ಯದ ಜಾಗವನ್ನು ಸುಮ್ಮನೆ ಬಿಟ್ಟುಕೊಡುವುದು. ಆ ಮನೆಯವರು ಮೊದಲನೆಯದನ್ನು ಮಾಡಿದರು. ಕಿತ್ತ ಕಲ್ಲು ಅರ್ಧಕ್ಕರ್ಧ ಒಡೆದುಹೋಯಿತು.

ಇದನ್ನು ತಪ್ಪಿಸುವುದು ಒಂದು ಮಧ್ಯಾಹ್ನದ ಕೆಲಸ. ಜೆಸಿಬಿ ಬರುವ ಮೊದಲು ಪೂಲ್‌ನ ಅಂಚು ಬರುವ ಮಟ್ಟಕ್ಕೆ ಗೂಟ ನೆಟ್ಟು, ಮಟ್ಟ ನೋಡಿ ದಾರ ಕಟ್ಟಿ, ಆ ದಾರವನ್ನು ಗಡಿಬೇಲಿಯವರೆಗೂ ಎಳೆಯಿರಿ. ದಾರದಿಂದ ಬೇಲಿಯ ನೆತ್ತಿಗೆ ಎಷ್ಟಿದೆ ಅಂತ ಪ್ರತಿ ಎರಡು ಮೀಟರಿಗೊಮ್ಮೆ ಅಳೆದು ಬರೆದಿಡಿ. 1,800ಕ್ಕಿಂತ ಕಮ್ಮಿ ಬಂದ ಕಡೆ ಬೇಲಿಯ ಪಕ್ಕದ ನೆಲ ಏರಬಾರದು, ಅಥವಾ ಪೂಲನ್ನೇ ಕೆಳಗಿಳಿಸಬೇಕು. ಡ್ರಾಯಿಂಗ್ ಮಾಡುವವನಿಂದ ಪ್ರತಿಯೊಂದು ಗಡಿಗೂ ಅಡ್ಡಕೊಯ್ತದ ಚಿತ್ರ ಕೇಳಿ ಪಡೆಯಿರಿ. ಅದರಲ್ಲಿ ಹಳೆಯ ನೆಲ, ಮುಗಿದ ನೆಲ, ಬೇಲಿಯ ನೆತ್ತಿ ಮೂರರ ಮಟ್ಟವೂ ಅಂಕಿಯಲ್ಲಿರಬೇಕು. ಮೇಲಿನಿಂದ ನೋಡಿದ ನಕ್ಷೆಯಲ್ಲಿ ಈ ತಪ್ಪು ಕಾಣಿಸುವುದೇ ಇಲ್ಲ. ಓನರ್ ಬಿಲ್ಡರ್ ಕೋರ್ಸಿನಲ್ಲಿ ಕಾನೂನು, ವಿಮೆ, ಸುರಕ್ಷತೆ ಎಲ್ಲ ಹೇಳುತ್ತಾರೆ. ದಾರ ಕಟ್ಟಿ ಮಟ್ಟ ನೋಡುವುದನ್ನು ಒಂದು ಗಂಟೆ ಕಲಿಸಿದರೆ ಅದರಿಂದಾಗುವ ಉಪಕಾರ ಹೆಚ್ಚು ಅಂತ ನನ್ನ ಗಟ್ಟಿ ಅಭಿಪ್ರಾಯ.

ಎತ್ತರ ಸರಿಯಿದ್ದರೂ ಹತ್ತಲು ಕಾಲಿಡುವ ಜಾಗ ಇರಬಾರದು. ಮರದ ಹಲಗೆಯ ಬೇಲಿಯ ಅಡ್ಡಪಟ್ಟಿಗಳು ನಿಮ್ಮ ಕಡೆಗಿದ್ದು, ಮೇಲಿನಿಂದ 900 ಮಿಲಿಮೀಟರ್ ಒಳಗೆ ಬಂದರೆ ಅವೇ ಮೆಟ್ಟಿಲಾಗುತ್ತವೆ. ಅವುಗಳ ಮೇಲೆ 60 ಡಿಗ್ರಿ ಇಳಿಜಾರಿನ ಮರದ ಪಟ್ಟಿ ಬಡಿಯಬೇಕು, ಇಲ್ಲವೇ ನುಣುಪಾದ ಹಲಗೆ ಹೊದಿಸಿ ಮುಚ್ಚಬೇಕು. ಗಾಜಿನ ಬೇಲಿಗೆ ಮನೆ ಕಡೆಯ 900 ಮಿಲಿಮೀಟರ್ ಖಾಲಿ ಇರಬೇಕು. ಹೂಕುಂಡ, ಬಾರ್ಬೆಕ್ಯೂ, ಬೆಂಚು ಯಾವುದೂ ಅಲ್ಲಿ ಬೇಡ. ನಮ್ಮವರ ಮನೆಗಳಲ್ಲಿ ನಾನು ಮತ್ತೆ ಮತ್ತೆ ನೋಡುವುದು ಬೇಲಿಗೆ ತಾಗಿಸಿಟ್ಟ ತುಳಸಿಕಟ್ಟೆ. ಬಿಸಿಲು ಚೆನ್ನಾಗಿ ಬೀಳುವ ಜಾಗ ಅದೇ ಇರಬಹುದು, ಆದರೆ ಮೂರು ವರ್ಷದ ಮಗು ಆ ಕಟ್ಟೆ ಹತ್ತಿದರೆ ಬೇಲಿಯ ನೆತ್ತಿ ಅದರ ಎದೆಮಟ್ಟಕ್ಕೂ ಬರುವುದಿಲ್ಲ. ಬಿಸಿಲು ಬರುವ ಬೇರೆ ಜಾಗ ಹುಡುಕಿ.

ಈ ಬೇಲಿ ನಿಯಮ ಅತಿಯಾಯಿತು ಅಂತ ಗೊಣಗುವವರ ಜೊತೆ ನಾನು ಜಗಳವಾಡಿದ್ದೇನೆ. ಈ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳು ಮುಳುಗಿ ಸಾಯುವ ಜಾಗಗಳಲ್ಲಿ ಮನೆಯ ಪೂಲೇ ಮುಂದು. ಮಗು ನೀರಿಗೆ ಬಿದ್ದಾಗ ಕೂಗುವುದಿಲ್ಲ, ಸದ್ದೂ ಆಗುವುದಿಲ್ಲ. ಚಿಕ್ಕಮಗಳೂರು, ಸಕಲೇಶಪುರದ ಕಡೆ ಹೋಂಸ್ಟೇಗಳಲ್ಲಿ ಊಟದ ಮೇಜಿನಿಂದ ನಾಲ್ಕು ಹೆಜ್ಜೆಗೆ, ಸುತ್ತ ಏನೂ ಇಲ್ಲದೆ ತೆರೆದುಕೊಂಡ ಪೂಲ್‌ಗಳನ್ನು ನೋಡಿದಾಗ ನನಗೆ ಹೊಟ್ಟೆ ಚುರ್ ಅನ್ನುತ್ತದೆ. ಈ ವಿಷಯದಲ್ಲಿ ಇಲ್ಲಿನ 1992ರ ಈಜುಕೊಳ ಕಾಯ್ದೆಯನ್ನು ಅಕ್ಷರಶಃ ಪಾಲಿಸುವುದೇ ಸರಿ.

ಇನ್ನು ನೀರು ತುಂಬುವ ದಿನದ ಲೆಕ್ಕ. 300 ಮಿಲಿಮೀಟರಿಗಿಂತ ಆಳಕ್ಕೆ ನೀರು ನಿಲ್ಲಬಲ್ಲ ಯಾವ ಪೂಲ್‌ಗಾದರೂ ಬೇಲಿ ಬೇಕು, ಅಂಗಡಿಯಿಂದ ತಂದು ಊದಿ ನಿಲ್ಲಿಸುವ ಪೂಲ್‌ಗೂ ಸಹ. ಕಾಂಕ್ರೀಟ್ ಪೂಲ್‌ನ ಒಳಮೈಗೆ ಪೆಬಲ್, ಅಂದರೆ ಸಣ್ಣ ಕಲ್ಲುಹರಳಿನ ಲೇಪ, ಮಾಡಿಸಿದರೆ ಅದು ಮುಗಿದ ತಕ್ಷಣ ನೀರು ಬಿಡಬೇಕು, ಒಣಗಲು ಬಿಟ್ಟರೆ ಹಾಳು. ಹಾಗಾಗಿ ಪೆಬಲ್‌ನವನಿಗೆ ದಿನ ಗೊತ್ತುಮಾಡುವ ಮೊದಲೇ ಬೇಲಿ ನಿಂತು, ಸರ್ಟಿಫೈಯರ್ ಅದನ್ನು ನೋಡಿರಬೇಕು. ಫೈಬರ್‌ಗ್ಲಾಸ್ ಆದರೆ ಗುಂಡಿಗಿಳಿಸಿ ಸುತ್ತ ತುಂಬುತ್ತಿರುವಾಗಲೇ ಒಳಗೂ ನೀರು ತುಂಬುತ್ತಾರೆ. ಅಂದರೆ ಮೊದಲ ದಿನವೇ ನೀರು. ಅದಕ್ಕೆ ಬೇಲಿಯ ವ್ಯವಸ್ಥೆ ಏನು ಅಂತ ಸರ್ಟಿಫೈಯರ್ ಹತ್ತಿರ ಮುಂಚಿತವಾಗಿ ಬರಹದಲ್ಲಿ ಪಡೆಯಿರಿ. ತೋಡಿದ ಗುಂಡಿಯಲ್ಲಿ ಒಂದು ರಾತ್ರಿಯ ಮಳೆಗೇ ನೀರು ನಿಲ್ಲುತ್ತದೆ, ಆದ್ದರಿಂದ ಕೆಲಸ ನಡೆಯುವಾಗಲೂ ಸುತ್ತ ಭದ್ರ ಮಾಡಿ.

ತೋಡುವ ಮೊದಲು ಬಿಫೋರ್ ಯು ಡಿಗ್ ಎಂಬ ಸೇವೆಗೆ ಹೇಳಿ ನೆಲದಡಿಯ ಪೈಪು, ಕೇಬಲ್‌ಗಳ ನಕ್ಷೆ ತರಿಸಿಕೊಳ್ಳಿ, ಅದು ಉಚಿತ. ಹಾರ್ನ್ಸ್‌ಬಿ ಕಡೆ ಮರಳುಕಲ್ಲು, ಪಶ್ಚಿಮಕ್ಕೆ ಹೋದರೆ ಜೇಡಿಮಣ್ಣು. ಕಲ್ಲು ಸಿಕ್ಕರೆ ಗಂಟೆಗೆ ಎಷ್ಟು ಅನ್ನುವುದು ಕೊಟೇಶನ್ನಿನಲ್ಲಿ ಇರಲೇಬೇಕು. ಕರೆಂಟ್, ಪ್ಲಂಬಿಂಗ್ ಕೆಲಸಕ್ಕೆ ಓನರ್ ಬಿಲ್ಡರ್ ಕೈ ಹಾಕುವಂತಿಲ್ಲ, ಲೈಸೆನ್ಸ್ ಇದ್ದವರೇ ಮಾಡಬೇಕು. ಕಾಂಕ್ರೀಟ್ ಸಿಂಪಡಿಸುವ ಮೊದಲು ಎಲೆಕ್ಟ್ರಿಷಿಯನ್ ಬಂದು ಕಬ್ಬಿಣಕ್ಕೆ ಶಾಕ್ ಹೊಡೆಯದಂತೆ ಕಾಯುವ ಬಾಂಡಿಂಗ್ ತಂತಿ ಜೋಡಿಸಿದ್ದಾನೆಯೇ ಅಂತ ನೀವೇ ನಿಂತು ನೋಡಿ, ಫೋಟೋ ತೆಗೆದಿಡಿ. ಕಾಂಕ್ರೀಟ್ ಬಿದ್ದಮೇಲೆ ಅದನ್ನು ತೋರಿಸಲು ಬೇರೆ ದಾರಿಯಿಲ್ಲ. ಯಾವ ಕಂಟ್ರಾಕ್ಟರಿಗೂ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಕೊಡಬೇಡಿ, ಕಾನೂನಿನ ಮಿತಿ ಅಷ್ಟೇ.

ಕೆಲಸ ಮುಗಿದಮೇಲೆ ರಾಜ್ಯದ ಪೂಲ್ ರಿಜಿಸ್ಟರ್‌ನಲ್ಲಿ ನೋಂದಾಯಿಸಿ, ಆಕ್ಯುಪೇಶನ್ ಸರ್ಟಿಫಿಕೇಟ್ (ಮುಗಿದ ಕೆಲಸವನ್ನು ಬಳಸಬಹುದು ಅನ್ನುವ ಪತ್ರ) ಕೈಗೆ ತೆಗೆದುಕೊಳ್ಳುವವರೆಗೆ ಬಿಡಬೇಡಿ. ಈಜಾಡಲು ಶುರುಮಾಡಿದಮೇಲೆ ಈ ಕಾಗದ ಮರೆತೇ ಹೋಗುತ್ತದೆ, ನೆನಪಾಗುವುದು ಮನೆ ಮಾರುವಾಗ. 2016ರ ಏಪ್ರಿಲ್‌ನಿಂದ ಪೂಲ್ ಇರುವ ಮನೆ ಮಾರಲು, ಬಾಡಿಗೆಗೆ ಕೊಡಲು ಪೂಲ್‌ನ ಪ್ರಮಾಣಪತ್ರ ಬೇಕೇ ಬೇಕು. ಮೇಲಾಗಿ, ಪರ್ಮಿಟ್ ಕೊಟ್ಟ ದಿನದಿಂದ ಏಳೂವರೆ ವರ್ಷದೊಳಗೆ ಮಾರಿದರೆ, ಇದು ಓನರ್ ಬಿಲ್ಡರ್ ಕೆಲಸ, ಇದಕ್ಕೆ ವಿಮೆ ಇಲ್ಲ ಅನ್ನುವ ಎಚ್ಚರಿಕೆಯನ್ನು ಮಾರಾಟದ ಕರಾರಿನಲ್ಲೇ ಬರೆಯಬೇಕು. ಅದನ್ನು ಓದಿದ ಖರೀದಿದಾರ ಬೆಲೆ ಇಳಿಸಲು ನೋಡುತ್ತಾನೆ. ಎರಡು ಮೂರು ವರ್ಷದಲ್ಲಿ ಮನೆ ಬದಲಿಸುವ ಅಂದಾಜಿದ್ದರೆ ಓನರ್ ಬಿಲ್ಡರ್ ಆಗಬೇಡಿ, ಲೈಸೆನ್ಸ್ ಇರುವ ಪೂಲ್ ಬಿಲ್ಡರಿಗೇ ಕೊಡಿ. ಹತ್ತು ವರ್ಷ ಅಲ್ಲೇ ಇರುವವರಿಗೆ ಮಾತ್ರ ಈ ದಾರಿಯಲ್ಲಿ ನಿಜವಾದ ಉಳಿತಾಯ.

ಕೊನೆಗೆ ಗೇಟು. ಅದು ಪೂಲ್‌ನಿಂದ ಹೊರಮುಖವಾಗಿ ತೆರೆಯಬೇಕು, ತಾನಾಗಿ ಮುಚ್ಚಿಕೊಂಡು ತಾನಾಗಿ ಚಿಲಕ ಬೀಳಬೇಕು. ಪೂರ್ತಿ ತೆರೆದು ಬಿಟ್ಟಾಗ ಎಲ್ಲ ಗೇಟೂ ಠಪ್ಪಂತ ಮುಚ್ಚುತ್ತವೆ. ಎರಡು ಬೆರಳಿನಷ್ಟು ಮಾತ್ರ ತೆರೆದು ಮೆಲ್ಲಗೆ ಕೈಬಿಟ್ಟು ನೋಡಿ. ಕೀಲು ಸಡಿಲವಾಗಿದ್ದರೆ ಗೇಟು ಚಿಲಕದವರೆಗೆ ಬಂದು ಅಲ್ಲೇ ಒರಗಿ ನಿಲ್ಲುತ್ತದೆ, ದೂರದಿಂದ ಮುಚ್ಚಿದ ಹಾಗೇ ಕಾಣುತ್ತದೆ. ಹಾಗೆ ನಿಂತರೆ ಕೀಲಿನ ಸ್ಪ್ರಿಂಗನ್ನು ಸ್ಕ್ರೂಡ್ರೈವರಿನಿಂದ ಒಂದು ಹಲ್ಲು ಬಿಗಿ ಮಾಡಿ, ಮತ್ತೆ ಪರೀಕ್ಷಿಸಿ. ಹುಟ್ಟುಹಬ್ಬದ ದಿನ ತಿಂಡಿ ತಟ್ಟೆ ಸಾಗಿಸಲು ಸುಲಭ ಅಂತ ಯಾರಾದರೂ ಗೇಟಿಗೆ ಇಟ್ಟಿಗೆ ಒತ್ತರಿಸಿಟ್ಟರೆ, ಅತಿಥಿಗಳಾದರೂ ಸರಿ, ತಕ್ಷಣ ತೆಗೆಸಿ.