‘ಕತ್ತರಿ ಎಲ್ಲೈತಿ?’ ಅಂತ ಯಾರೂ ಕೇಳದ ಮನೆ

ಮಹಾನವಮಿ ಅಮಾವಾಸ್ಯೆಗೆ ಮುಂಚಿನ ವಾರ ರಾಯಚೂರಿನ ಯಾವ ಓಣಿಗೆ ಹೋದರೂ ಒಂದೇ ನೋಟ. ಹಾಸಿಗೆ, ಕೌದಿ, ಡಬ್ಬಿ, ಟ್ರಂಕು ಎಲ್ಲ ಅಂಗಳಕ್ಕೆ ಬಂದಿರುತ್ತವೆ. ಒಳಗೆ ಗೋಡೆಗೆ ಸುಣ್ಣ, ಮೂಲೆಯ ಜೇಡರ ಬಲೆಗೆ ಉದ್ದ ಕೋಲಿನ ಕಸಬರಿಗೆ. ಸಂಜೆ ಹೊತ್ತಿಗೆ ಮನೆ ಫಳಫಳ ಅನ್ನುತ್ತದೆ. ಆದರೆ ಹೊರಗೆ ಬಂದ ಅಷ್ಟೂ ಸಾಮಾನು ಧೂಳು ಒರೆಸಿಕೊಂಡು ಮತ್ತೆ ಅದೇ ಜಾಗಕ್ಕೆ ಹೋಗಿ ಕೂರುತ್ತದೆ. ತೊಳೆಯುವುದು, ಬಳಿಯುವುದನ್ನು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಆಗಬೇಕಾದ ಕೆಲಸ ಬೇರೆ ಇದೆ. ಮನೆಯಲ್ಲಿ ಏನಿರಬೇಕು, ಎಲ್ಲಿರಬೇಕು ಅಂತ ತೀರ್ಮಾನ ಆಗಬೇಕು. ಅದು ಮನೆಯ ಎಲ್ಲರಿಗೂ ಗೊತ್ತಿರಬೇಕು.

ಈ ಕೊನೆಯ ಮಾತನ್ನು ನಾನು ಒತ್ತಿ ಹೇಳುತ್ತೇನೆ. ಬೆಳಗಿನ ಎಂಟು ಗಂಟೆಗೆ ಯಾವುದೇ ಮನೆಯ ಪಡಸಾಲೆಯಲ್ಲಿ ನಿಂತು ಕೇಳಿ. ‘ಅವ್ವಾ, ಕತ್ತರಿ ಎಲ್ಲೈತಿ?’ ‘ನನ್ನ ಆಧಾರ್ ಎಲ್ಲಿಟ್ಟೀ?’ ‘ಚಾರ್ಜರ್ ನೋಡೀಯೇನು?’ ಒಳಗೆ ರೊಟ್ಟಿ ಬಡಿಯುತ್ತಿರುವವಳು ಕೈಯೆಲ್ಲ ಹಿಟ್ಟು ಮಾಡಿಕೊಂಡೇ ಉತ್ತರ ಕೊಡುತ್ತಾಳೆ: ‘ಫ್ರಿಜ್ ಮ್ಯಾಲೆ ನೋಡು, ಇಲ್ಲಾಂದ್ರ ಟಿವಿ ಹಿಂದ.’ ಮನೆಯ ಅಷ್ಟೂ ಸಾಮಾನಿನ ಲೆಕ್ಕ ಒಬ್ಬಳ ತಲೆಯಲ್ಲೇ ಇರುತ್ತದೆ. ಅವಳು ತವರಿಗೆ ಹೋದರೆ ಮನೆ ನಿಂತೇ ಹೋಗುತ್ತದೆ. ಸಾಮಾನು ಜೋಡಿಸುವುದರಿಂದ ಆರೋಗ್ಯಕ್ಕೆ ಆಗುವ ಲಾಭದಲ್ಲಿ ಮೊದಲ ಪಾಲು ಅವಳದ್ದು.

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಒಂದು ಅಧ್ಯಯನ ನಡೆದಿತ್ತು. ಅದು ಪ್ರಕಟವಾಗಿದ್ದು 2010ರಲ್ಲಿ. ಇಬ್ಬರೂ ದುಡಿಯುವ ಸಂಸಾರಗಳ 60 ಮಂದಿ ಗಂಡ-ಹೆಂಡಿರಿಗೆ ತಮ್ಮ ಮನೆಯನ್ನು ತಾವೇ ಸುತ್ತಿ ತೋರಿಸಿ ವಿವರಿಸಿ ಅಂದರು. ಜೊತೆಗೆ ಅವರ ಜೊಲ್ಲಿನಲ್ಲಿರುವ ಕಾರ್ಟಿಸಾಲ್ ಅನ್ನುವ ಹಾರ್ಮೋನನ್ನು ದಿನಕ್ಕೆ ಹಲವು ಸಲ ಅಳೆದರು. ಒತ್ತಡ ಬಿದ್ದಾಗ ಮೈ ಹೊರಬಿಡುವ ಹಾರ್ಮೋನ್ ಇದು. ಬೆಳಿಗ್ಗೆ ಜಾಸ್ತಿ ಇದ್ದು ಸಂಜೆಗೆ ಇಳಿಯಬೇಕು. ‘ಮನೆ ತುಂಬ ಸಾಮಾನು, ಕೆಲಸ ಮುಗಿಯುವುದೇ ಇಲ್ಲ’ ಎಂಬಂತೆ ಮಾತಾಡಿದ ಹೆಂಗಸರಲ್ಲಿ ಅದು ಸರಿಯಾಗಿ ಇಳಿಯುತ್ತಿರಲಿಲ್ಲ. ಸಂಜೆ ಹೊತ್ತಿಗೆ ಮನಸ್ಸೂ ಕುಗ್ಗಿರುತ್ತಿತ್ತು. ಸಾಮಾನಿನಿಂದಲೇ ಹಾಗಾಯಿತು ಅಂತ ಈ ಅಧ್ಯಯನದಿಂದ ಖಚಿತವಾಗಿ ಹೇಳಲಾಗದು. ಆದರೆ ಎರಡೂ ಜೊತೆಜೊತೆಯಾಗಿಯೇ ಇದ್ದವು. ನಮ್ಮ ಮನೆಗಳಲ್ಲಿ ನೋಡಿದವರಿಗೆ ಇದು ಹೊಸ ಸುದ್ದಿ ಏನಲ್ಲ, ಅಲ್ವಾ?

ಇನ್ನು ಕೆಲಸಕ್ಕೆ ಇಳಿಯೋಣ.

ಇಡೀ ಮನೆ ಬೇಡ, ಫ್ರಿಜ್ ಮೇಲಿಂದ ಶುರು ಮಾಡಿ

ರಜೆ ಇದೆ ಅಂತ ಮನೆಯನ್ನೆಲ್ಲ ಒಮ್ಮೆಲೇ ಕೆದರಬೇಡಿ. ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ, ರಾಶಿಯ ನಡುವೆ ಕೂತು, ಸಿಟ್ಟಿನಿಂದ ಎಲ್ಲವನ್ನೂ ಒಳಗೆ ತುರುಕುವುದಾಗುತ್ತದೆ. ಕಣ್ಣಿಗೆ ದಿನಾ ಬೀಳುವ ಒಂದು ಸಣ್ಣ ಜಾಗ ಹಿಡಿಯಿರಿ. ಫ್ರಿಜ್ ಮೇಲ್ಭಾಗ ಒಳ್ಳೆಯ ಜಾಗ.

ಅಲ್ಲಿ ಏನೇನಿರುತ್ತದೆ? ಕರೆಂಟ್ ಬಿಲ್ಲು, ಅರ್ಧ ಮುಗಿದ ಮಾತ್ರೆ ಪಟ್ಟಿ, ಯಾರದೋ ಗೃಹಪ್ರವೇಶದ ಪತ್ರಿಕೆ, ಬರೆಯದ ಪೆನ್ನು, ಯಾವ ಬೀಗಕ್ಕೆ ಅಂತ ಗೊತ್ತಿಲ್ಲದ ಕೀಲಿ, ಸ್ಕ್ರೂಗಳ ಸಣ್ಣ ಡಬ್ಬಿ, ದೇವರ ಅಂಗಾರದ ಪೊಟ್ಟಣ. ಎಲ್ಲವನ್ನೂ ಕೆಳಗೆ ಒಂದು ಚಾಪೆ ಮೇಲೆ ಇಳಿಸಿ. ಜಾಗ ಒರೆಸಿ. ಆಮೇಲೆ ಒಂದೊಂದನ್ನೇ ಕೈಗೆತ್ತಿಕೊಂಡು ನಾಲ್ಕು ಪಾಲು ಮಾಡಿ: ಬೇಕಾದದ್ದು, ಬೇರೆ ಜಾಗಕ್ಕೆ ಸೇರಿದ್ದು, ಕೊಡುವುದು, ಹೋಗುವುದು. ಮಾತ್ರೆಗಳ ಮೇಲಿನ ತಾರೀಖು ತಪ್ಪದೆ ನೋಡಿ. ಅವಧಿ ಮುಗಿದ ಔಷಧಿ ಮನೆಯಲ್ಲಿ ಇರಲೇಬಾರದು, ಅದರಲ್ಲೂ ಮಕ್ಕಳಿರುವ ಮನೆಯಲ್ಲಿ.

ಅರ್ಧ ಗಂಟೆಯಲ್ಲಿ ಮುಗಿಯುವ ಕೆಲಸ ಇದು. ಮುಗಿದ ಮೇಲೆ ಆ ಖಾಲಿ ಜಾಗವನ್ನು ಒಮ್ಮೆ ನೋಡಿ. ಕಣ್ಣ ಮುಂದೆ ಹತ್ತು ವಸ್ತು ಇದ್ದರೆ ಮಿದುಳು ಆ ಹತ್ತರ ಜೊತೆಯೂ ಗುದ್ದಾಡಬೇಕಾಗುತ್ತದೆ. ನೋಟದ ಮೇಲೆ ಸಂಶೋಧನೆ ಮಾಡಿದವರು ಇದನ್ನು ತೋರಿಸಿಕೊಟ್ಟಿದ್ದಾರೆ. ಬರಿದಾದ ಜಾಗ ಕಂಡಾಗ ತಲೆ ಹಗುರ ಅನ್ನಿಸುವುದು ಸುಮ್ನೆ ಅಲ್ಲ.

‘ನಾಳೆ ಬೇಕಾದೀತು’ ಅನ್ನುವುದಕ್ಕೆ ಏನು ಮಾಡುವುದು?

ಕೃಷ್ಣೆ, ತುಂಗಭದ್ರೆಯರ ನಡುವೆ ಇದ್ದರೂ ಬರ ಕಂಡ ಜಿಲ್ಲೆ ನಮ್ಮದು. ಹಗ್ಗದ ತುಂಡು, ಗೋಣಿಚೀಲ, ಖಾಲಿ ಡಬ್ಬ ಎತ್ತಿಡುವ ಹಿರಿಯರನ್ನು ಜಿಪುಣರು ಅನ್ನಬೇಡಿ. ಇಲ್ಲದ ದಿನಗಳನ್ನು ಕಂಡು ಕಲಿತ ಬುದ್ಧಿ ಅದು. ಆದರೆ ಅದೇ ಬುದ್ಧಿ ಇವತ್ತು ಮುರಿದ ಮಿಕ್ಸಿ, ನಿಂತ ಕೂಲರ್, ಹಳೇ ಮೊಬೈಲುಗಳಿಗೂ ಕಾವಲು ಕಾಯುತ್ತಿದೆ.

ನಮ್ಮ ಕೈಲಿರುವ ವಸ್ತುವಿಗೆ ನಾವೇ ಬೆಲೆ ಏರಿಸಿಕೊಳ್ಳುತ್ತೇವೆ. 1990ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಪ್ರಯೋಗದಲ್ಲಿ ವಿದ್ಯಾರ್ಥಿಗಳಲ್ಲಿ ಅರ್ಧ ಜನಕ್ಕೆ ಕಾಫಿ ಕಪ್ ಕೊಟ್ಟು, ಎಷ್ಟಕ್ಕೆ ಮಾರುತ್ತೀರಿ ಅಂತ ಕೇಳಿದರು. ಉಳಿದವರಿಗೆ ಎಷ್ಟಕ್ಕೆ ಕೊಳ್ಳುತ್ತೀರಿ ಅಂತ ಕೇಳಿದರು. ಕಪ್ ಸಿಕ್ಕವರು ಕೊಳ್ಳುವವರಿಗಿಂತ ಸುಮಾರು ಎರಡು ಪಟ್ಟು ಬೆಲೆ ಹೇಳಿದರು. ಕಪ್ ಕೈಗೆ ಬಂದು ಸ್ವಲ್ಪ ಹೊತ್ತಷ್ಟೇ ಆಗಿತ್ತು! ಅದಕ್ಕೇ ‘ಇದು ಬೇಕಾ, ಬೇಡವಾ’ ಅಂತ ಕೇಳಿಕೊಂಡರೆ ಉತ್ತರ ಯಾವಾಗಲೂ ‘ಬೇಕು’ ಅಂತಲೇ ಬರುತ್ತದೆ. ಪ್ರಶ್ನೆ ಬದಲಿಸಿ. ‘ಇದು ನನ್ನ ಹತ್ತಿರ ಇಲ್ಲದೇ ಇದ್ದರೆ, ಇವತ್ತು ಬಜಾರಿಗೆ ಹೋಗಿ ದುಡ್ಡು ಕೊಟ್ಟು ತರುತ್ತಿದ್ದೆನಾ?’ ಕೂಲರ್ ರಿಪೇರಿ ಆಗುವಂತಿದ್ದರೆ ಈ ವಾರವೇ ಮಾಡಿಸಿ. ಇಲ್ಲದಿದ್ದರೆ ಗುಜರಿಗೆ ಹೋಗಲಿ.

ಟ್ರಂಕಿನೊಳಗಿನ ಖಣ, ಅಟ್ಟದ ಮೇಲಿನ ಮುಯ್ಯಿ ಪಾತ್ರೆ

ನಮ್ಮ ಮನೆಗಳಲ್ಲಿ ನಿಜವಾಗಿ ಕಷ್ಟ ಆಗುವುದು ಇಲ್ಲಿ. ಬೇರೆ ಊರಿನ ಪುಸ್ತಕಗಳಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ.

ಟ್ರಂಕಿನ ಮುಚ್ಚಳ ತೆಗೆದರೆ ನುಸಿ ಗುಳಿಗೆ ವಾಸನೆ. ಮೇಲೆ ಎರಡು ಒಳ್ಳೆಯ ಇಳಕಲ್ ಸೀರೆ. ಕೆಳಗೆ ಖಣಗಳ ಕಟ್ಟು, ಹಸಿರು, ಗುಲಾಬಿ, ಅರಿಶಿನ ಬಣ್ಣದವು. ಒಂದೊಂದೂ ಯಾರೋ ಉಡಿ ತುಂಬಿದ್ದು. ಕುಪ್ಪಸ ಹೊಲಿಸೋಣ ಅಂದರೆ ಎಷ್ಟೋ ಖಣಗಳಲ್ಲಿ ಬಟ್ಟೆ ಸಾಲದು, ಬೆವರೂ ಹೀರುವುದಿಲ್ಲ. ಎಸೆಯೋಣ ಅಂದರೆ ಉಡಿಯ ಬಟ್ಟೆ, ಮನಸ್ಸು ಬರುವುದಿಲ್ಲ. ಮತ್ತೊಬ್ಬರ ಉಡಿಗೆ ಹಾಕಿದರೆ ಅದು ಅವರ ಟ್ರಂಕು ಸೇರುತ್ತದೆ, ಇನ್ನೊಂದು ವರ್ಷಕ್ಕೆ ನಿಮಗೇ ವಾಪಸ್ ಬಂದರೂ ಬಂತು.

ಹೀಗೆ ಮಾಡಿ. ಹೊಲಿಸಲು ಬರುವ ಹತ್ತಿಯ ಖಣಗಳನ್ನು ಬೇರೆ ತೆಗೆದು, ಈ ತಿಂಗಳೇ ದರ್ಜಿಗೆ ಕೊಡಿ. ಉಳಿದವನ್ನು ಕೌದಿ ಹೊಲಿಯುವವರಿಗೆ ಕೊಡಿ. ಒಳಗೆ ಹಳೆಯ ಹತ್ತಿ ಸೀರೆ ಮಡಿಸಿ ಹಾಕಿಸಿ, ಮೇಲೆ ಈ ಬಣ್ಣಬಣ್ಣದ ತುಂಡು ಜೋಡಿಸಿದರೆ ಹಾಸಲು ಚೆಂದದ ಕೌದಿ ಆಗುತ್ತದೆ. ಹೊಲಿದವರ ಕೈಗೆ ನಾಲ್ಕು ಕಾಸು ಸೇರುತ್ತದೆ, ಉಡಿಯ ಬಟ್ಟೆ ಮನೆಯಲ್ಲೇ ಉಳಿಯುತ್ತದೆ. ಮುಂದಿನ ಸಲ ನಿಮ್ಮ ಮನೆಯಲ್ಲಿ ಕಾರ್ಯ ಆದಾಗ, ಉಡಿಗೆ ಹಾಕುವ ಖಣ ಹೊಲಿಸಿ ತೊಡುವಂಥದ್ದಾಗಿರಲಿ. ಒಂದೇ ಆದರೂ ಸರಿ.

ಪಾತ್ರೆಯ ಕಥೆಯೂ ಹೀಗೇ. ಮದುವೆಗೆ ಬಂದ ಸ್ಟೀಲ್ ಕೊಡ, ಡಬರಿ, ತಾಟು, ಒಂದೊಂದರ ಮೇಲೂ ಕೊಟ್ಟವರ ಹೆಸರು, ಊರು ಕೆತ್ತಿಸಿರುತ್ತದೆ. ಹೆಸರಿರುವ ಪಾತ್ರೆ ಹೇಗೆ ಕೊಡುವುದು ಅಂತ ಅಟ್ಟಕ್ಕೆ ಏರಿಸುತ್ತೇವೆ. ಆದರೆ ಮುಯ್ಯಿಯ ಲೆಕ್ಕ ಇರುವುದು ಮುಯ್ಯಿ ಪುಸ್ತಕದಲ್ಲಿ. ಅದನ್ನು ಜೋಪಾನ ಮಾಡಿ. ಅವರ ಮನೆಯ ಕಾರ್ಯಕ್ಕೆ ಹೋಗಿ ಮುಯ್ಯಿ ತೀರಿಸಿ. ಪಾತ್ರೆಯನ್ನು ಬಳಸುವವರಿಗೆ ಕೊಟ್ಟರೆ ಕೊಟ್ಟವರಿಗೆ ಅವಮಾನ ಆಗುವುದಿಲ್ಲ. ಓಣಿಯ ಗುಡಿಯಲ್ಲಿ, ದರ್ಗಾದಲ್ಲಿ ಅನ್ನದಾನಕ್ಕೆ ದೊಡ್ಡ ಪಾತ್ರೆ ಯಾವಾಗಲೂ ಬೇಕಾಗಿರುತ್ತದೆ. ಕೇಳಿ ನೋಡಿ.

ಕಾಗದಪತ್ರ ಒಂದೇ ಕಡೆ

ಮನೆಯ ಜಗಳ ಅರ್ಧಕ್ಕರ್ಧ ಶುರುವಾಗುವುದು ಕಾಗದ ಹುಡುಕುವಾಗ. ಕಾಲೇಜು ಸೇರಿಸುವ ಹಿಂದಿನ ದಿನವೇ, ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಕಾಣೆಯಾಗುತ್ತದೆ! ಗಟ್ಟಿ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬ ತನ್ನಿ. ಮನೆಯ ಒಬ್ಬೊಬ್ಬರಿಗೂ ಒಂದೊಂದು ಬೇರೆ ಬಣ್ಣದ ಫೈಲು: ಆಧಾರ್, ಮಾರ್ಕ್ಸ್ ಕಾರ್ಡು, ಜಾತಿ ಮತ್ತು ಆದಾಯ ಪ್ರಮಾಣಪತ್ರ, 371(ಜೆ), ಆಸ್ಪತ್ರೆ ಚೀಟಿಗಳು. ಇನ್ನೊಂದು ಫೈಲು ಮನೆ-ಹೊಲಕ್ಕೆ: ಪಹಣಿ, ಖಾತೆ, ತೆರಿಗೆ ರಸೀದಿ, ಬೆಳೆ ವಿಮೆ, ಬಂಗಾರ ಅಡವಿಟ್ಟ ರಸೀದಿ. ಪ್ರತಿಯೊಂದರ ಫೋಟೊ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇಡಿ. ಕಾಗದಪತ್ರಗಳನ್ನು ಆನ್‌ಲೈನ್‌ನಲ್ಲಿ ಇಟ್ಟುಕೊಳ್ಳಲು 2015ರಿಂದ ಸರ್ಕಾರದ ಡಿಜಿಲಾಕರ್ ಕೂಡ ಇದೆ. ಡಬ್ಬ ಎಲ್ಲಿದೆ ಅನ್ನುವುದು ಮನೆಯ ದೊಡ್ಡವರಿಗೆಲ್ಲ ಗೊತ್ತಿರಲಿ. ಮನೆಯ ಯಜಮಾನರು ಹಠಾತ್ತನೆ ಆಸ್ಪತ್ರೆ ಸೇರಿದಾಗ ಇದರ ಬೆಲೆ ತಿಳಿಯುತ್ತದೆ.

ಅಡುಗೆಮನೆ

ದಿನಾ ಬೇಕಾಗುವುದು ಸೊಂಟದಿಂದ ಕಣ್ಣಿನ ಎತ್ತರದೊಳಗೆ. ವಾರಕ್ಕೊಮ್ಮೆ ಬೇಕಾಗುವುದು ಕೆಳಗೆ. ಹಬ್ಬಕ್ಕೆ ಬೇಕಾಗುವುದು ಮೇಲೆ. ಇಷ್ಟೇ ಸೂತ್ರ. ಒಳಗಿರುವುದು ಕಾಣುವಂಥ ಡಬ್ಬಿಯಲ್ಲದಿದ್ದರೆ ಮೇಲೆ ಚೀಟಿ ಅಂಟಿಸಿ. ಓದಲು ಬಾರದ ಅಜ್ಜಿ ಮನೆಯಲ್ಲಿದ್ದರೆ ಚೀಟಿಯ ಬದಲು ಒಳಗಿನ ಕಾಳನ್ನೇ ನಾಲ್ಕು ಅಂಟಿಸಿ. ಅವರಿಗೂ ಸೊಸೆಯನ್ನು ಕರೆಯಬೇಕಾಗುವುದಿಲ್ಲ.

ವರ್ಷದ ಜೋಳ, ಅಕ್ಕಿ ತುಂಬಿಡುವ ಮನೆಗಳಲ್ಲಿ ಚೀಲಗಳನ್ನು ಗೋಡೆಗೆ ತಾಗಿಸಬೇಡಿ. ಹಲಗೆ ಮೇಲೆ, ಗೋಡೆಯಿಂದ ಒಂದು ಗೇಣು ಈಚೆಗೆ ಇಡಿ. ಚೆನ್ನಾಗಿ ಒಣಗಿಸಿ, ಒಣಗಿದ ಬೇವಿನ ಎಲೆ ಹಾಕುವ ಹಳೆಯ ಪದ್ಧತಿ ಬಿಡಬೇಡಿ. ಚೀಲದ ರಾಶಿ ಕಿಟಕಿಗೆ ಅಡ್ಡ ಇದ್ದರಂತೂ ಮೊದಲು ಅದನ್ನು ಸರಿಸಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ರಾತ್ರಿಯ ಗಾಳಿಗೆ ಅಡ್ಡ ಬರುವ ಯಾವ ಸಾಮಾನೂ ನಿದ್ದೆಗೆ ಶತ್ರು.

ಮಾಳಿಗೆ ಮೇಲೂ ಹತ್ತಿ ನೋಡಿ

ಕೆಳಗೆ ಬೇಡವಾದದ್ದೆಲ್ಲ ಮಾಳಿಗೆ ಸೇರುತ್ತದೆ. ಹಳೇ ಟೈರು, ಒಡೆದ ಕೊಡ, ಸಿಂಟೆಕ್ಸಿನ ಮುರಿದ ಮುಚ್ಚಳ. ಮಳೆ ಬಂದರೆ ಅವುಗಳಲ್ಲಿ ನಿಂತ ನೀರೇ ಡೆಂಗಿ ಹರಡುವ ಸೊಳ್ಳೆಗೆ ತೊಟ್ಟಿಲು. ಮೊಟ್ಟೆಯಿಂದ ಸೊಳ್ಳೆ ಆಗಲು ಒಂದು ವಾರ, ಹತ್ತು ದಿನ ಸಾಕು. ದಿನಾ ನಳ ಬಾರದ ನಮ್ಮ ಓಣಿಗಳಲ್ಲಿ ಡ್ರಮ್ಮು, ತೊಟ್ಟಿಗಳಲ್ಲಿ ನೀರು ತುಂಬಿಡಲೇಬೇಕು, ಅದು ತಪ್ಪದು. ಆದರೆ ವಾರಕ್ಕೊಮ್ಮೆ ಖಾಲಿ ಮಾಡಿ, ಒಳಗಿನ ಅಂಚನ್ನು ತಿಕ್ಕಿ ತೊಳೆದು, ಮುಚ್ಚಿಡಿ. ಈ ಸೊಳ್ಳೆಯ ಮೊಟ್ಟೆ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದರೂ ಬದುಕಿರುತ್ತದೆ. ಬರೀ ನೀರು ಚೆಲ್ಲಿದರೆ ಸಾಲದು. ಕಟ್ಟಿಗೆ, ಇಟ್ಟಂಗಿ ರಾಶಿ ಸರಿಸುವಾಗ ಬರಿಗೈ ಹಾಕಬೇಡಿ, ಚೇಳು ಇರುತ್ತವೆ.

ಬೇರೆಯವರ ಸಾಮಾನು ಮುಟ್ಟುವ ಮುಂಚೆ

ಮಾವನವರ ಹಳೇ ರೇಡಿಯೊ, ಅತ್ತೆಯ ತವರಿನ ತಾಮ್ರದ ಹಂಡೆ, ಮಗನ ಕ್ರಿಕೆಟ್ ಬ್ಯಾಟು. ಅವರಿಲ್ಲದಾಗ ಇವನ್ನು ಗುಜರಿಗೆ ಹಾಕಿದರೆ ಮನೆ ಸ್ವಚ್ಛ ಆಗಬಹುದು, ಮನಸ್ಸುಗಳು ಕೆಡುತ್ತವೆ. ‘ಮಾಮಾ, ಇದನ್ನ ಎಲ್ಲಿಡೋಣ ಹೇಳ್ರಿ’ ಅಂತ ಕೇಳಿ. ಕೇಳಿದರೆ ಅವರೇ ಎಷ್ಟೋ ಸಲ ‘ಕೊಟ್ಟುಬಿಡವ್ವಾ ಯಾರಿಗಾರ’ ಅನ್ನುತ್ತಾರೆ. ಅನ್ನದಿದ್ದರೆ ಇರಲಿ ಬಿಡಿ. ನೆನಪಿನ ಸಾಮಾನಿಗೂ ಮನೆಯಲ್ಲಿ ಒಂದು ಮೂಲೆ ಬೇಕು.

ಹಳೇ ಪೇಪರು, ಖಾಲಿ ಕವರು ಕೂಡ ಬಿಡಲಾಗದೆ, ಮನೆಯಲ್ಲಿ ಓಡಾಡಲೂ ಜಾಗ ಇಲ್ಲದಷ್ಟು ತುಂಬಿಕೊಳ್ಳುವವರೂ ಇರುತ್ತಾರೆ. ತೆಗೆಯಲು ಹೋದರೆ ಅವರಿಗೆ ವಿಪರೀತ ಸಂಕಟ ಆಗುತ್ತದೆ. ಅದು ಸೋಮಾರಿತನ ಅಲ್ಲ. ವೈದ್ಯರು ಇದನ್ನು ಒಂದು ಕಾಯಿಲೆ ಅಂತಲೇ ಗುರುತಿಸಿದ್ದಾರೆ. ಬೈಯಬೇಡಿ. ಮಾನಸಿಕ ಆರೋಗ್ಯಕ್ಕೆಂದೇ ಇರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗಲೂ ಇರುತ್ತದೆ.

ಜೋಡಿಸಿದ್ದು ಉಳಿಯಬೇಕಾದರೆ

ಪಡಸಾಲೆಯಲ್ಲಿ ಒಂದು ಬುಟ್ಟಿ ಇಡಿ. ದಿನವಿಡೀ ಜಾಗ ತಪ್ಪಿ ಬಿದ್ದ ಬಾಚಣಿಗೆ, ಪುಸ್ತಕ, ಚಾರ್ಜರ್, ಕನ್ನಡಕ ಎಲ್ಲ ಅದರೊಳಗೆ. ರಾತ್ರಿ ಊಟಕ್ಕೆ ಕೂರುವ ಮುಂಚೆ ಅವರವರ ಸಾಮಾನು ಅವರವರೇ ತೆಗೆದು ಜಾಗಕ್ಕೆ ಇಡಬೇಕು. ಗಂಡಸರಿಗೂ, ಮಕ್ಕಳಿಗೂ ಇದೇ ನಿಯಮ. ಮನೆಯೊಡತಿ ಒಬ್ಬಳೇ ಬುಟ್ಟಿ ಖಾಲಿ ಮಾಡುವುದಾದರೆ ಇಷ್ಟೆಲ್ಲ ಮಾಡಿಯೂ ಅವಳಿಗೆ ಹೊಸ ಕೆಲಸ ಹಚ್ಚಿದಂತೆ ಆಗುತ್ತದೆ. ಯಾರಾದರೂ ‘ಕತ್ತರಿ ಎಲ್ಲೈತಿ’ ಅಂದರೆ ತಂದುಕೊಡಬೇಡಿ, ಜಾಗ ತೋರಿಸಿ. ಮೊದಲ ವಾರ ಗೊಣಗಾಟ ಇರುತ್ತದೆ. ಎರಡು ದಿನ ತಪ್ಪಿದರೆ ಮೂರನೇ ದಿನ ಮತ್ತೆ ಶುರು ಮಾಡಿ. ಬುಟ್ಟಿ ತುಂಬಿ ಹೊರಗೆ ಚೆಲ್ಲತೊಡಗಿದರೆ ದೊಡ್ಡ ಬುಟ್ಟಿ ತರಬೇಡಿ. ಪದೇಪದೇ ಅಲ್ಲಿಗೆ ಬರುವ ಸಾಮಾನು ಯಾವುದು ಅಂತ ನೋಡಿ, ಅದಕ್ಕೆ ಕೈಗೆ ಸಿಗುವಂಥ ಜಾಗ ಮಾಡಿಕೊಡಿ.