ಎಮ್ಮೆ ಎಂಬ ಮಿಲಿಟರಿ ಲಾರಿ

ಗುಜರಿ ಅಂಗಳದ ಮೂಲೆಯಲ್ಲಿ ಅದು ನಾಲ್ಕೂ ಚಕ್ರಗಳನ್ನು ಮಣ್ಣಿಗಿಳಿಸಿ ಕೂತಿತ್ತು. ರೇಡಿಯೇಟರಿನ ಪಕ್ಕದಿಂದ ಲಂಟಾನ ಗಿಡವೊಂದು ನುಸುಳಿ ಬಾನೆಟ್ಟಿನ ಮೇಲೆ ಹೂ ಬಿಟ್ಟಿತ್ತು. ನಿಸಾನ್ ಒನ್ ಟನ್. ಸೇನೆಯಲ್ಲಿದ್ದವರು ಈ ಹೆಸರು ಕೇಳಿದರೆ ಮೊದಲು ನಗುತ್ತಾರೆ, ಆಮೇಲೆ ಸೊಂಟ ಮುಟ್ಟಿಕೊಳ್ಳುತ್ತಾರೆ. ಜಪಾನಿನ ನಿಸಾನ್ ಪರವಾನಗಿಯಲ್ಲಿ ಜಬಲ್ಪುರದ ವಾಹನ ಕಾರ್ಖಾನೆ ತಯಾರಿಸಿದ, ನಾಲ್ಕೂ ಚಕ್ರ ಎಳೆಯುವ ಪುಟ್ಟ ಲಾರಿ ಇದು. ಅದೇ ಕಾರ್ಖಾನೆಯ ಜೋಂಗಾ ಎಂಬ ಜೀಪಿನಂಥ ಗಾಡಿಗೂ ಇದಕ್ಕೂ ಎಂಜಿನ್ ಒಂದೇ: ಆರು ಸಿಲಿಂಡರಿನ, 3956 ಸಿಸಿಯ ಪೆಟ್ರೋಲ್ ಎಂಜಿನ್. ಆ ಎಂಜಿನ್ ಕಿತ್ತು ಯಾರಾದರೂ ಜೋಂಗಾ ಹುಚ್ಚಿನವರಿಗೆ ಮಾರುವುದು ಗುಜರಿಯವನ ಲೆಕ್ಕಾಚಾರ. ಇಡೀ ಗಾಡಿ ಬೇಕೆಂದಾಗ ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದ.

ಸೇನೆ ತನ್ನ ಹಳೆಯ ಗಾಡಿಗಳನ್ನು ಹರಾಜಿನಲ್ಲಿ ಗುಂಪು ಗುಂಪಾಗಿ, ಇದ್ದಲ್ಲೇ ಇದ್ದಂತೆಯೇ ಮಾರುತ್ತದೆ. ನನ್ನ ಕೈಗೆ ಬರುವಷ್ಟರಲ್ಲಿ ಇದು ಇಬ್ಬರು ವ್ಯಾಪಾರಿಗಳನ್ನು ಕಂಡಿತ್ತು. ನಾನು ಗಾಡಿಗೆ ಮನಸ್ಸು ಕೊಟ್ಟೆ, ಕಾಗದಕ್ಕೆ ಕಣ್ಣು ಕೊಡಲಿಲ್ಲ. ಚಾಸಿ ಸಂಖ್ಯೆ ಹರಾಜಿನ ಪತ್ರಕ್ಕೆ ಸರಿಹೊಂದಿತು, ಎಂಜಿನ್ ಸಂಖ್ಯೆ ಹೊಂದಲಿಲ್ಲ. ಸೇವೆಯ ನಡುವೆ ಎಲ್ಲೋ ಎಂಜಿನ್ ಬದಲಾಗಿದ್ದಿರಬೇಕು. ಅದೊಂದು ಅಂಕಿಗಾಗಿ ಹನ್ನೊಂದು ತಿಂಗಳು ಆರ್‌ಟಿಒ ಕಚೇರಿ ಸುತ್ತಿದೆ. ಕೊಳ್ಳುವವರು ಸುಣ್ಣದ ಕಡ್ಡಿ, ತಂತಿ ಬ್ರಷ್ಷು ಹಿಡಿದುಕೊಂಡು ಹೋಗಿ ಎರಡೂ ಸಂಖ್ಯೆಗಳನ್ನು ಉಜ್ಜಿ ಓದಿದ ಮೇಲೆಯೇ ಮುಂಗಡ ಕೊಡಬೇಕು.

ತೋಟದ ಕಣದಲ್ಲಿ ಅದನ್ನು ಬಿಚ್ಚತೊಡಗಿದಾಗ ಪಕ್ಕದ ಮನೆಯ ನಿವೃತ್ತ ಹವಾಲ್ದಾರರು ಬಂದು ನಿಂತರು. ಸೇನೆಯ ಯಂತ್ರಗಳನ್ನು ನೋಡಿಕೊಳ್ಳುವ ಇಎಂಇ ವಿಭಾಗದಲ್ಲಿ ಇಪ್ಪತ್ತನಾಲ್ಕು ವರ್ಷ ಗಾಡಿ ರಿಪೇರಿ ಮಾಡಿದವರು. ಕೊಡಗಿನಲ್ಲಿ ಇಂಥ ಅದೃಷ್ಟ ಅಪರೂಪವೇನಲ್ಲ. ಹಸಿರು ಬಣ್ಣದ ಪದರಗಳನ್ನು ಹೆರೆಯುತ್ತಾ ಹೋದಂತೆ ಬಂಪರಿನಲ್ಲಿ ಮೇಲ್ಮುಖದ ಬಾಣ, ಅದರ ಪಕ್ಕ 8 ಮತ್ತು 3 ಕಾಣಿಸಿದವು. ಬಾಣದ ಬಳಿಯ ಎರಡು ಅಂಕಿಗಳು ಸೇನೆ ಗಾಡಿಯನ್ನು ಪಡೆದ ವರ್ಷ. ‘ನಾನು ಭರ್ತಿಯಾಗುವ ಹೊತ್ತಿಗೆ ಇದು ಎರಡು ವರ್ಷದ ಮಗು’ ಎಂದು ಹವಾಲ್ದಾರರು ಬಂಪರನ್ನು ಅಂಗೈಯಿಂದ ತಟ್ಟಿದರು. ಅವತ್ತಿನಿಂದ ನನ್ನ ಗಾಡಿಗೆ ಅವರೇ ಯಜಮಾನರು.

ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಲ್ಲಿ ಎಣ್ಣೆ ಬಿಟ್ಟು ಮೂರು ದಿನ ಕಾದ ಮೇಲೆ ಎಂಜಿನ್ ಹ್ಯಾಂಡಲಿಗೆ ತಿರುಗಿತು. ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆದರೆ ಐದು ಸಿಲಿಂಡರುಗಳಲ್ಲಿ 120 ಪಿಎಸ್‌ಐ ಆಸುಪಾಸು, ಮೂರನೆಯದರಲ್ಲಿ ಬರೀ 65. ಹವಾಲ್ದಾರರು ಅದಕ್ಕೆ ಚಮಚದಷ್ಟು ಎಣ್ಣೆ ಹಾಕಿ ಮತ್ತೆ ಅಳೆಸಿದರು. ಮುಳ್ಳು ಏರಲಿಲ್ಲ. ಏರಿದ್ದರೆ ಪಿಸ್ಟನ್ನಿನ ರಿಂಗು ಸವೆದಿದೆ ಎಂದರ್ಥ, ಏರದಿದ್ದರೆ ದೋಷ ವಾಲ್ವಿನಲ್ಲೋ ಗ್ಯಾಸ್ಕೆಟ್ಟಿನಲ್ಲೋ. ಎಂಜಿನ್ನಿನ ತಲೆಭಾಗ ಎತ್ತಿ ನೋಡಿದಾಗ ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟುಹೋಗಿತ್ತು. ಹೊಸ ವಾಲ್ವು ಹಾಕಿ ಹನ್ನೆರಡನ್ನೂ ಕೂರಿಸುವಾಗ, ಅರೆಯುವ ಪೇಸ್ಟು ಹಚ್ಚಿ ಎರಡು ಅಂಗೈಗಳ ನಡುವೆ ಕಡ್ಡಿ ತಿರುಗಿಸುವ ಕೆಲಸವನ್ನು ಹವಾಲ್ದಾರರು ನನ್ನಿಂದಲೇ ಮಾಡಿಸಿದರು. ಮಜ್ಜಿಗೆ ಕಡೆದಂತೆ. ಎರಡು ಸಂಜೆ ಕಡೆದೆ.

ಡೀಸೆಲ್ ಎಂಜಿನ್ ಕೂರಿಸು ಎಂದು ಹೇಳದವರೇ ಇಲ್ಲ. ಇದು ಲೀಟರಿಗೆ ನಾಲ್ಕು ಕಿಲೋಮೀಟರ್ ಓಡಿದರೆ ಪುಣ್ಯ. ನಾನೂ ಲೆಕ್ಕ ಹಾಕಿದೆ. ತೋಟದಿಂದ ಕುಶಾಲನಗರದ ಕಾಫಿ ಹಸನು ಮಾಡುವ ಕ್ಯೂರಿಂಗ್ ಕಾರ್ಖಾನೆಗೆ ಹೋಗಿಬರುವುದೂ ಸೇರಿ ವರ್ಷಕ್ಕೆ 1,500 ಕಿಲೋಮೀಟರ್. ಅಂದರೆ 375 ಲೀಟರ್, ಲೀಟರಿಗೆ 103 ರೂಪಾಯಿಯಂತೆ ಸುಮಾರು 38,600. ಡೀಸೆಲ್ ಹಾಕಿಸಿದರೆ ವರ್ಷಕ್ಕೆ 23,000ದಷ್ಟು ಉಳಿತಾಯ. ಗ್ಯಾರೇಜಿನವರು ಕೇಳಿದ್ದು 2.75 ಲಕ್ಷ. ಹನ್ನೆರಡು ವರ್ಷ ಕಾಯಬೇಕು! ಸಾಲದ್ದಕ್ಕೆ ಇಂಧನ ಬದಲಿಸುವ ಎಂಜಿನ್ನಿಗೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ಅನುಮತಿ ಪಡೆಯಬೇಕು. ಆ ಕಚೇರಿಯ ಬೆಂಚನ್ನು ಇನ್ನೊಮ್ಮೆ ಸವೆಸುವ ಶಕ್ತಿ ನನಗಿರಲಿಲ್ಲ.

ಆದರೂ ಕೈ ಸುಮ್ಮನಿರಬೇಕಲ್ಲ. ನೋಟಕ್ಕೆಂದು ಅಗಲದ ಟಯರು ಹಾಕಿಸಿದೆ. ಮೊದಲೇ ಭಾರವಾದ ಸ್ಟೀರಿಂಗ್ ಬಂಡೆಯಾಯಿತು. ಅದಕ್ಕೆ ಪರಿಹಾರವೆಂದು ಬೇರೊಂದು ಗಾಡಿಯ ಪವರ್ ಸ್ಟೀರಿಂಗ್ ಪಂಪನ್ನು ಬ್ರಾಕೆಟ್ ಬೆಸೆದು ಎಂಜಿನ್ನಿನ ಬದಿಗೆ ಕೂರಿಸಿದೆ. ಆರನೇ ವಾರ ಬೆಸುಗೆ ಬಿಟ್ಟು ಪಂಪು ಜೋತುಬಿತ್ತು, ಬೆಲ್ಟು ಹರಿದು ಫ್ಯಾನಿಗೆ ಸುತ್ತಿಕೊಂಡಿತು. ಪ್ಲಗ್ಗುಗಳಿಗೆ ಕಿಡಿ ಕೊಡಲು ಎಲೆಕ್ಟ್ರಾನಿಕ್ ಇಗ್ನಿಷನ್ ತರಿಸಿದ್ದೆ. ಮೊದಲ ಮಳೆಗಾಲದಲ್ಲೇ ತೋಟದ ತಗ್ಗಿನಲ್ಲಿ ಸತ್ತಿತು. ಹವಾಲ್ದಾರರು ಒಂದು ಮಾತೂ ಆಡದೆ ಅದೇ ಕೆಲಸದ ಹಳೆಯ ಪಾಯಿಂಟ್ ಸೆಟ್ಟನ್ನು ಜೇಬಿನಿಂದ ತೆಗೆದರು, ಅದರ ತುದಿಗಳನ್ನು ಬೆಂಕಿಪೊಟ್ಟಣದ ಮದ್ದಿನ ಪಟ್ಟಿಗೆ ಉಜ್ಜಿ ಕೂರಿಸಿದರು. ಗಾಡಿ ಹೊರಟಿತು. ಅದನ್ನು ಎಷ್ಟು ದಿನದಿಂದ ಜೇಬಿನಲ್ಲಿಟ್ಟುಕೊಂಡಿದ್ದರೋ! ಆ ವಾರವೇ ಮೂಲ ಅಳತೆಯ ಸಪೂರ ಟಯರುಗಳೂ ವಾಪಸು ಬಂದವು.

ನನ್ನ ಬದಲಾವಣೆಗಳಲ್ಲಿ ಉಳಿದದ್ದು ಒಂದೇ. ನನ್ನ ಗಾಡಿಯಲ್ಲಿ ಪೆಟ್ರೋಲ್ ಪೈಪು ಬಿಸಿಯಾದ ಎಕ್ಸಾಸ್ಟಿನ ಸಮೀಪ ಹಾದುಹೋಗುತ್ತಿತ್ತು. ಏಪ್ರಿಲಿನಲ್ಲಿ ಭಾರ ಹೊತ್ತು ಮಡಿಕೇರಿಯ ಕಡೆಗೆ ಏರುವಾಗ ಪೆಟ್ರೋಲ್ ಪೈಪಿನೊಳಗೇ ಆವಿಯಾಗಿ, ಸುಂಟಿಕೊಪ್ಪ ದಾಟಿದ ಮೇಲೆ ಗಾಡಿ ಕೆಮ್ಮಿ ನಿಲ್ಲುತ್ತಿತ್ತು. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದು ಹಳೆಯ ಮದ್ದು. ನಾನು ಟ್ಯಾಂಕಿನ ಪಕ್ಕ ವಿದ್ಯುತ್ ಪಂಪು ಇಟ್ಟು, ಪೈಪನ್ನು ಚಾಸಿಯ ಆಚೆ ಬದಿಯಿಂದ ತಂದೆ. ಆಗಲೇ ರಬ್ಬರನ್ನೆಲ್ಲ ಬದಲಿಸಿದ್ದು ಒಳ್ಳೆಯದಾಯಿತು. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲ್. 1983ರ ರಬ್ಬರು ಅದರಲ್ಲಿ ಉಬ್ಬಿ ಮೆತ್ತಗಾಗುತ್ತದೆ.

ಬ್ರೇಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕೂ ಡ್ರಮ್ಮು, ಹೊಸ ಪೈಪು, ಹೊಸ ವಾಷರು. ಇಳಿಜಾರಿಗೆ ಮೊದಲೇ ಗೇರು ಇಳಿಸಿಕೊಂಡರೆ ಚಿಂತೆಯಿಲ್ಲ.

ಹಸಿರು ಬಣ್ಣ ಉಳಿಸಿಕೊಳ್ಳುವ ಆಸೆ ಮಾತ್ರ ಈಡೇರಲಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ. ಬೂದು ಬಳಿಸಿದೆ. ಹೆಂಡತಿ ಅಂಗಳಕ್ಕೆ ಬಂದವಳು ಒಂದು ಸುತ್ತು ಹಾಕಿ ‘ಎಮ್ಮೆ’ ಎಂದಳು. ಹೆಸರು ಹಾಗೇ ನಿಂತಿತು. ಬಂಪರಿನ ಒಳಬದಿಗೆ ಮಾತ್ರ ಬಣ್ಣ ತಾಗಿಸಬಾರದೆಂದು ಹವಾಲ್ದಾರರ ಕಟ್ಟಪ್ಪಣೆ. ಅಲ್ಲಿ ಅಂಗೈಯಗಲ ಹಳೆಯ ಹಸಿರಿದೆ.

ಕಳೆದ ಕೊಯ್ಲಿನಲ್ಲಿ ಎಮ್ಮೆ 50 ಕಿಲೋದ ಇಪ್ಪತ್ತು ಚೀಲ ಕಾಫಿಯನ್ನು ಒಂದೇ ಸಲಕ್ಕೆ ಸಾಗಿಸಿತು. ಕ್ಯಾಬಿನ್ನಿನ ಕ್ಯಾನ್ವಾಸ್ ಹೊದಿಕೆಗೆ ಮಾರ್ಚಿನಲ್ಲೇ ಅಳತೆ ಕೊಟ್ಟಿದ್ದೆ. ಹೊಲಿಯುವವನು ಇವತ್ತು ನಾಳೆ ಎನ್ನುತ್ತಿರುವಾಗಲೇ ಮಳೆ ಹಿಡಿಯಿತು. ಸದ್ಯಕ್ಕೆ ನಾನು ರೈನ್‌ಕೋಟು ತೊಟ್ಟು ಓಡಿಸುತ್ತೇನೆ, ಹವಾಲ್ದಾರರು ಪಕ್ಕದಲ್ಲಿ ಕೊಡೆ ಬಿಡಿಸಿಕೊಂಡು ಕೂರುತ್ತಾರೆ.