ರಾಗಿಯ ಮೆಥಿಯೋನಿನ್ ಜೀನ್ ಇ. ಕೋಲಿಯನ್ನು ಬೆಳೆಸಿ ತೋರಿಸಿತು: ನನ್ನ ಅನುಭವ

ಮೆಥಿಯೋನಿನ್ ಅನ್ನೋ ಅಮೈನೋ ಆಮ್ಲ ತಯಾರಾಗಲು ಗಿಡಕ್ಕೆ ಬೇಕಾದ ಒಂದು ಕಿಣ್ವ ಸಿಜಿಎಸ್ (ಸಿಸ್ಟಾಥಯೋನಿನ್ ಗಾಮಾ-ಸಿಂಥೇಸ್). ರಾಗಿಯ ಸಿಜಿಎಸ್ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ನಡೆಯಲ್ಲ ಅಂತ ಲ್ಯಾಬ್‌ನಲ್ಲಿ ಎಲ್ಲರೂ ಹೇಳಿದ್ದರು. ಗಿಡದ ಸಿಜಿಎಸ್‌ಗೆ ಕಚ್ಚಾವಸ್ತುವಾಗಿ ಬೇಕಾದದ್ದು ಫಾಸ್ಫೋಹೋಮೋಸೆರಿನ್, ಇ. ಕೋಲಿಯಲ್ಲಿ ಸಿಗುವುದು ಸಕ್ಸಿನೈಲ್‌ಹೋಮೋಸೆರಿನ್, ಅದೇ ಅವರ ವಾದ. ಆದರೆ ಲ್ಯಾಬ್‌ಗಳಲ್ಲಿ ಹೆಚ್ಚು ಬಳಸುವ ಪುಟ್ಟ ಗಿಡ ಅರಾಬಿಡಾಪ್ಸಿಸ್‌ನ ಸಿಜಿಎಸ್ ಎರಡನ್ನೂ ಬಳಸುತ್ತದೆ ಅಂತ 1990ರ ದಶಕದಲ್ಲೇ ಗೊತ್ತಾಗಿದೆ. ರಾಗಿಯದ್ದು ಯಾಕೆ ಬಳಸಬಾರದು? ಈಗ ಮೆಟ್‌ಬಿ (ಇ. ಕೋಲಿಯದೇ ಸಿಜಿಎಸ್ ಜೀನ್) ಇಲ್ಲದ ಕೀಯೊ ತಳಿ, ಅಂದರೆ ಒಂದೊಂದು ಜೀನ್ ತೆಗೆದ ಇ. ಕೋಲಿ ಸಂಗ್ರಹದ ತಳಿ, ನನ್ನ ಕ್ಲೋನ್ ಇಟ್ಟುಕೊಂಡು ಮೆಥಿಯೋನಿನ್ ಇಲ್ಲದ ಎಂ9 (ಕನಿಷ್ಠ ಪೋಷಕಾಂಶದ) ಪ್ಲೇಟಿನಲ್ಲಿ ಚೆನ್ನಾಗಿ ಬೆಳೆದಿದೆ. ಅದೇ ಪ್ಲೇಟಿನ ಇನ್ನರ್ಧದಲ್ಲಿ ಖಾಲಿ ವೆಕ್ಟರ್ (ರಾಗಿ ಜೀನ್ ಇಲ್ಲದ, ಜೀನ್ ಹೊರುವ ಡಿಎನ್‌ಎ ಮಾತ್ರ) ಇರುವ ಸೆಲ್‌ಗಳು, ಅಲ್ಲಿ ಒಂದು ಕಾಲೊನಿಯೂ ಇಲ್ಲ.

2017ರಲ್ಲಿ ರಾಗಿಯ ಎಂಎಲ್-365 ತಳಿಯ ಜೀನೋಮ್ ಬಂದಿದ್ದರಿಂದ ಜೀನ್ ಹುಡುಕುವುದು ಸುಲಭವಾಯಿತು. ಕಷ್ಟ ಪಿಸಿಆರ್‌ನಲ್ಲಿ, ಅಂದರೆ ಎಲೆಯಿಂದ ಆ ಜೀನ್‌ನ ಪ್ರತಿಗಳನ್ನು ಮಾಡಿ ತೆಗೆಯುವುದರಲ್ಲಿ. ಹುಲ್ಲು ಜಾತಿಯ ಜೀನ್‌ಗಳ 5' ತುದಿಯಲ್ಲಿ (ಆರಂಭದ ಕಡೆ) ಜಿಸಿ, ಅಂದರೆ ಗಟ್ಟಿಯಾಗಿ ಅಂಟುವ ಜಿ ಮತ್ತು ಸಿ ಅಕ್ಷರಗಳು, ಜಾಸ್ತಿ, ಬ್ಯಾಂಡ್ ಬರುವುದೇ ಇಲ್ಲ. ಪ್ರೈಮರ್ ಮೇಲೆ ಪ್ರೈಮರ್, ದುಬಾರಿ ಪಾಲಿಮರೇಸ್, ಕೊನೆಗೆ ಸುಮಾರು 5% ಡಿಎಂಎಸ್‌ಒ ಹಾಕಿದ ಮೇಲೆ ಬಂತು. ದುಡ್ಡು ಹೋಗಿದ್ದು ಇಲ್ಲೇ, ಒಟ್ಟು ಮೂವತ್ತೈದು ಸಾವಿರದ ಹತ್ತಿರ ಖರ್ಚಾಗಿರಬೇಕು, ಅದರಲ್ಲಿ ಅರ್ಧ ಈ ಒಂದು ತುಂಡಿಗೇ. ಜೀನ್ ಸಿಂಥೆಸಿಸ್ (ಕಂಪನಿಯಿಂದ ಜೀನ್ ಕೃತಕವಾಗಿ ತಯಾರಿಸುವುದು) ಮಾಡಿಸಿಬಿಡಿ ಅಂದರು ಲ್ಯಾಬ್‌ನವರು. ಬೇಡ ಅಂದೆ. ಎಲೆಯಲ್ಲಿ ಆ ಎಂಆರ್‌ಎನ್‌ಎ (ಜೀನ್ ಕೆಲಸ ಮಾಡುವಾಗ ಹುಟ್ಟುವ ಪ್ರತಿ) ನಿಜವಾಗಿ ಇದೆ ಅಂತಲೂ ತಿಳಿಯಬೇಕಲ್ವಾ?

ಪೂರ್ತಿ ಉದ್ದದ ಸಿಡಿಎನ್‌ಎ (ಎಂಆರ್‌ಎನ್‌ಎಯಿಂದ ಮಾಡಿದ ಡಿಎನ್‌ಎ) ಏನೂ ಬೆಳೆಸಲಿಲ್ಲ. ಕ್ಲೋರೋಪ್ಲಾಸ್ಟ್‌ಗೆ ಕಳಿಸುವ ಮುಂದಿನ ಭಾಗ, ಅರವತ್ತು-ಎಪ್ಪತ್ತು ಅಮೈನೋ ಆಮ್ಲದಷ್ಟು, ಕತ್ತರಿಸಿದ ಮೇಲೇ ಕಾಲೊನಿ ಬಂದಿದ್ದು. ಸರಿಯಾಗಿ ಎಲ್ಲಿ ಕತ್ತರಿಸಿದೆ ಅನ್ನೋದು ಪೇಪರ್ ಬರುವವರೆಗೆ ನನ್ನ ಹತ್ತಿರವೇ ಇರಲಿ.

ವೆಕ್ಟರ್ ವಿಷಯದಲ್ಲಿ ಒಂದು ಮಾತು. ಕೀಯೊ ತಳಿಯಲ್ಲಿ ಕ್ಯಾನಮೈಸಿನ್ ಆಂಟಿಬಯೋಟಿಕ್ ತಡೆಯುವ ಕ್ಯಾಸೆಟ್ ಮೊದಲೇ ಕೂತಿದೆ, ಟಿ7 ಪಾಲಿಮರೇಸ್ ಇಲ್ಲ, ಹಾಗಾಗಿ ಈ ಎರಡನ್ನೇ ನಂಬಿದ ಪಿಇಟಿ28 ವೆಕ್ಟರ್ ಸುಮ್ನೆ ದಂಡ. ಅರಾಬಿನೋಸ್ ಸಕ್ಕರೆ ಕೊಟ್ಟಾಗ ಜೀನ್ ಚಾಲೂ ಮಾಡುವ ಪಿಬ್ಯಾಡ್ ವೆಕ್ಟರ್ ಚೆನ್ನಾಗಿ ಹೊಂದುತ್ತದೆ, ತಳಿ ಅರಾಬಿನೋಸ್ ತಿಂದು ಖಾಲಿ ಮಾಡುವುದಿಲ್ಲ. ಆದರೆ ಎಂ9ಗೆ ಗ್ಲೂಕೋಸ್ ಬೇಡ, ಅದು ಪ್ರೊಮೋಟರನ್ನು (ಜೀನ್ ಚಾಲೂ ಮಾಡುವ ಭಾಗವನ್ನು) ಅದುಮಿಬಿಡುತ್ತದೆ. ಗ್ಲಿಸರಾಲ್ ಹಾಕಿ. 30 ಡಿಗ್ರಿಯಲ್ಲಿ ಮೂರ್ನಾಲ್ಕು ದಿನ ಹಿಡಿಯುತ್ತದೆ, ಅಷ್ಟರಲ್ಲಿ, ವೆಕ್ಟರ್ ಇಲ್ಲದ ಸೆಲ್‌ಗಳನ್ನು ತಡೆಯುವ ಆಂಟಿಬಯೋಟಿಕ್ ಆಂಪಿಸಿಲಿನ್ ಸೋತು ಸುತ್ತ ಪುಡಿ ಕಾಲೊನಿಗಳು ಏಳುತ್ತವೆ. ಹೆಚ್ಚು ದಿನ ತಾಳುವ ಕಾರ್ಬೆನಿಸಿಲಿನ್ ದುಬಾರಿಯಾದರೂ ಅದನ್ನೇ ಕೊಂಡೆ. ಎಲ್‌ಬಿ ಅನ್ನೋ ಪೋಷಕಾಂಶ ತುಂಬಿದ ದ್ರವದಿಂದ ತೆಗೆದ ಸೆಲ್‌ಗಳನ್ನು ತೊಳೆಯದೆ ಹಾಕಿದರೆ, ಜೊತೆಗೆ ಬಂದ ಮೆಥಿಯೋನಿನ್‌ನಿಂದ ಖಾಲಿ ವೆಕ್ಟರ್ ಕೂಡ ಮಂಜಿನ ಹಾಗೆ ಬೆಳೆದು ಮೋಸ ಮಾಡುತ್ತದೆ. ನಾನು ತೊಳೆದ ಮೇಲೆ ಇನ್ನೊಂದು ಹೆಜ್ಜೆ ಸೇರಿಸಿದ್ದೇನೆ, ಅದನ್ನೂ ಈಗ ಹೇಳಲ್ಲ.

ನಡುವೆ ಸಸಿಗಳಿಗೆ ಮೆಥಿಯೋನಿನ್ ಕೊಟ್ಟೂ ನೋಡಿದೆ. ಅರಾಬಿಡಾಪ್ಸಿಸ್‌ನಲ್ಲಿ ಸಿಜಿಎಸ್ ಜೀನ್‌ನ ಮೊದಲ ಎಕ್ಸಾನ್‌ನ (ಪ್ರೋಟೀನ್‌ಗೆ ಸಂಕೇತ ಕೊಡುವ ಮೊದಲ ಭಾಗದ) ಒಂದು ತುಂಡು, ಮೆಥಿಯೋನಿನ್‌ನಿಂದಲೇ ಆಗುವ ಎಸ್‌ಎಎಂ ಜಾಸ್ತಿಯಾದಾಗ ಸಿಜಿಎಸ್‌ನ ಎಂಆರ್‌ಎನ್‌ಎ ಒಡೆಯುವ ಹಾಗೆ ಮಾಡುತ್ತದಲ್ಲ, ರಾಗಿಯಲ್ಲೂ ಹಾಗೇನಾ ಅಂತ. ಬ್ಯಾಂಡ್ ಸ್ವಲ್ಪ ಮಂಕಾದಂತೆ ಕಂಡಿತು. ಪ್ರಮಾಣ ಅಳೆಯುವ ಕ್ಯೂಪಿಸಿಆರ್ ಆಗದೆ ಅದರ ಬಗ್ಗೆ ಮಾತಾಡಲ್ಲ. ರಾಗಿ ಟೆಟ್ರಾಪ್ಲಾಯ್ಡ್ (ನಾಲ್ಕು ಜೊತೆ ಕ್ರೋಮೋಸೋಮ್ ಗುಂಪಿನದು), ಎ ಮತ್ತು ಬಿ ಎಂಬ ಎರಡೂ ಜೀನೋಮ್ ಕಡೆಯ ಕಾಪಿ ಇರುತ್ತವೆ, ನನ್ನ ಕೈಗೆ ಬಂದಿದ್ದು ಒಂದು. ಎರಡನೆಯದಕ್ಕೆ ಪ್ರೈಮರ್ ಆರ್ಡರ್ ಮಾಡಿದ್ದೇನೆ.